ಹದಿಮೂರು ತಿಂಗಳ ವರ್ಷ

೧೯೭೮ರ ಜುಲೈ ೧೪, ಶುಕ್ರವಾರ. ಆಧಾರ: ನನ್ನ ದಿನಚರಿ. ವಾರ ತಪ್ಪಿಲ್ಲವೆಂದು ಆ ವರ್ಷದ ಪಂಚಾಂಗದಲ್ಲಿ ಖಚಿತಪಡಿಸಿಕೊಂಡಿದ್ದೇನೆ. ಅಂದು ಹರಿಹರದಿಂದ ಬೆಳಗಿನ ರೈಲಿನಲ್ಲಿ ದಾವಣಗೆರೆಗೆ ಬಂದು ಒಂದು ಶೇಂಗಾ ಎಣ್ಣೆ ಗಿರಣಿಗೆ ಹೋಗಿದ್ದೆ.

ಆಗ ನಾನು ಸಂಖ್ಯಾಶಾಸ್ತ್ರದ ಅಧ್ಯಾಪಕ. ಡಾಕ್ಟರೇಟ್ ನೋಂದಣಿಯ ಅವಧಿ ಆ ಡಿಸೆಂಬರಿಗೆ ಮುಗಿಯುತ್ತಿತ್ತು. ಜಗತ್ತಿನ ಬೇರೆ ಬೇರೆ ಪ್ರದೇಶಗಳ ಕಂಪನಿಗಳ ವರಮಾನ ವರ್ಷದಿಂದ ವರ್ಷಕ್ಕೆ ತನ್ನ ಸರಾಸರಿಯಿಂದ ಎಷ್ಟು ತೂಗಾಡುತ್ತದೆಂದು ಹೋಲಿಸುವುದು ನನ್ನ ಕೆಲಸ. ಯುರೋಪು, ಲ್ಯಾಟಿನ್ ಅಮೆರಿಕ, ಪೂರ್ವ ಏಷ್ಯಗಳ ಅಂಕಿಗಳನ್ನು ಅಚ್ಚಾದ ವಾರ್ಷಿಕ ಗ್ರಂಥಗಳಿಂದ ನಕಲು ಮಾಡಿಕೊಂಡಿದ್ದೆ. ನಮ್ಮ ಸೀಮೆಯವನ್ನು ಗಿರಣಿಗಳ ಪುಸ್ತಕಗಳಿಂದ. ಕೈಹಿಡಿ ತಿರುಗಿಸುವ ಲೆಕ್ಕದ ಯಂತ್ರದ ಮುಂದೆ ಎರಡು ವರ್ಷ ತೋಳು ನೋಯಿಸಿಕೊಂಡ ಮೇಲೆ ಬಂದ ಫಲಿತಾಂಶ: ಎಲ್ಲರಿಗಿಂತ ಹೆಚ್ಚು ತೂಗಾಡುವವರು ನಾವೇ. ನನ್ನ ಮಾರ್ಗದರ್ಶಕರಿಗೆ ಅದು ಬಹಳ ಹಿಡಿಸಿತ್ತು.

ಗಿರಣಿಯ ಲೆಕ್ಕ ಬರೆಯುತ್ತಿದ್ದ ವೃದ್ಧ ಮುನ್ಶಿಯವರನ್ನು, ಹಿಂದಿನ ವರ್ಷದ ಮೊತ್ತ ಅಷ್ಟೇಕೆ ಉಬ್ಬಿದೆ ಎಂದು ಕೇಳಿದೆ.

“ಉಬ್ಬದೇ ಏನ್ ಮಾಡ್ತೈತ್ರಿ ಮೇಷ್ಟ್ರೆ? ನಮ್ ಪುಸ್ತಕ ದೀಪಾವಳಿಯಿಂದ ದೀಪಾವಳಿಗೆ. ಹೋದ ಸಲ ಎರಡು ಶ್ರಾವಣ ಬಂದ್ವಲ್ಲ, ಹದಿಮೂರು ತಿಂಗಳ ಎಣ್ಣೆ ಮಾರೀವಿ.”

“ಯಾವಾಗ್ಲೂ ಹಿಂಗೇನಾ ಸಾಹೇಬ್ರೆ?”

“ಮೂರು ವರ್ಷಕ್ಕೊಂದ್ಸಲ. ನಮ್ ರಂಜಾನು ಬರೀ ಹಿಂದಕ್ಕೆ ಜಾರ್ತೈತೆ. ಸಾಹುಕಾರ್ರ ಹಬ್ಬ ಒಂದ್ಸಲ ಹಿಂದೆ, ಒಂದ್ಸಲ ಮುಂದೆ. ಎರಡನ್ನೂ ನಾನೇ ನೋಡ್ಕೋಬೇಕು. ನಿಮ್ ಕಾಲೇಜಿನಾಗೆ ಹದಿಮೂರನೇ ಪಗಾರ ಕೊಡಲ್ವೇನು?”

ಹಮಾಲರು ಚೀಲ ಇಳಿಸಿ ನಕ್ಕರು. ನಾನೂ ನಕ್ಕಿರಬೇಕು. ಆದರೆ ನಾನು ಅಳೆದದ್ದರಲ್ಲಿ ವ್ಯಾಪಾರದ ಏರಿಳಿತದೊಂದಿಗೆ ವರ್ಷದ ಉದ್ದದ ಏರಿಳಿತವೂ ಸೇರಿಹೋಗಿತ್ತು. ನಮ್ಮ ಸೀಮೆಯ ಕೋಷ್ಟಕಗಳನ್ನೆಲ್ಲ ಮೊದಲಿನಿಂದ ಮಾಡಬೇಕು. ಡಿಸೆಂಬರಿನೊಳಗೆ ಅದು ಆಗುವ ಮಾತಲ್ಲ.

ಮುಂದಿನದು ದಿನಚರಿಯಲ್ಲಿಲ್ಲ, ನೆನಪಿನಲ್ಲಿದೆ. ಅಂದು ಸಂಜೆಯೇ ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿದ್ದ ಮಾರ್ಗದರ್ಶಕರ ಮನೆಗೆ ನಡೆದೆ. ಪಡಸಾಲೆಯಲ್ಲಿ ನಿಂತೇ ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ಒರೆಸುತ್ತ, “ಒಂದು ತಿಂಗಳಿಗೆ ಏನು ಮುಳುಗಿ ಹೋಗ್ತೈತ್ರಿ? ಸುಮ್ನೆ ಬರೀರಿ” ಎಂದರು.

ನವೆಂಬರಿನಲ್ಲಿ ಬೆಂಗಳೂರಿನ ವಿಚಾರಸಂಕಿರಣದಲ್ಲಿ ಅವರು ಆ ಕೋಷ್ಟಕವನ್ನು ಮಂಡಿಸಿದರು. ಸಭೆಯಲ್ಲಿದ್ದ ಹಿರಿಯರೊಬ್ಬರು ಎದ್ದು, “ನಿಮ್ಮ ಕಡೆ ವರ್ಷಕ್ಕೆ ಎಷ್ಟು ತಿಂಗಳು ಸ್ವಾಮಿ?” ಎಂದು ಕೇಳಿದರು. ಸಭೆ ಗೊಳ್ಳೆಂದಿತು. ಮಾರ್ಗದರ್ಶಕರು ಹಿಂದಿನ ಸಾಲಿನಲ್ಲಿದ್ದ ನನ್ನತ್ತ ಬೆರಳು ತೋರಿಸಿ, “ಅಂಕಿ ತಂದವರು ಅವರು” ಎಂದರು. ನನ್ನ ಪ್ರಬಂಧಕ್ಕೆ ಅವರು ಸಹಿ ಹಾಕಲಿಲ್ಲ, ಅವಧಿ ಮುಗಿಯಿತು. ನನ್ನ ಹೆಸರಿನ ಮುಂದೆ ‘ಡಾ.’ ಬರಲೇ ಇಲ್ಲ. ನನಗಿಂತ ಕಿರಿಯರು ಪ್ರಾಧ್ಯಾಪಕರಾಗಿ ಬೇರೆ ಊರಿಗೆ ಹೊರಟ ಪ್ರತಿಯೊಂದು ಬೀಳ್ಕೊಡುಗೆಯಲ್ಲೂ ಖಾರ ಮಂಡಕ್ಕಿಯ ಪೊಟ್ಟಣ ಹಿಡಿದು ಈ ಕಥೆಯನ್ನು ಹೇಳಿದ್ದೇನೆ. ಮಾರ್ಗದರ್ಶಕರು ತೀರಿಕೊಂಡಾಗ, ಅಷ್ಟರಲ್ಲಿ ದಾವಣಗೆರೆಗೇ ಬಂದು ನೆಲೆಸಿದ್ದ ನನಗೆ ಅವರ ಮನೆ ಎರಡು ಬೀದಿಯಾಚೆಗಿದ್ದರೂ ಹೋಗಲಿಲ್ಲ.

ದಿನಾಂಕಗಳನ್ನು ತಾಳೆ ನೋಡಲೆಂದು ಹಳೆಯ ಕಡತ ಬಿಚ್ಚಿದಾಗ ಅವರದೊಂದು ಇನ್‌ಲ್ಯಾಂಡ್ ಪತ್ರ ಸಿಕ್ಕಿತು. ಪುಣೆಯ ಅಂಚೆ ಮುದ್ರೆ, ೧೯೭೮ರ ಆಗಸ್ಟ್ ೯. “ಜೂನ್ ಒಂದರಿಂದ ಇಲ್ಲಿಯೇ ಇದ್ದೇನೆ, ದಸರೆಗೆ ಮುಂಚೆ ಬರಲಾಗದು. ನನಗೊಂದು ಅನುಮಾನ. ಗಿರಣಿಗಳ ವರ್ಷವೆಲ್ಲ ಒಂದೇ ಉದ್ದದ್ದೇ? ವಿಚಾರಿಸಿ ತಿಳಿಸಿ. ನಿಮ್ಮ ಉತ್ತರ ಬರುವವರೆಗೆ ಕೋಷ್ಟಕವನ್ನು ಹೊರಗೆ ಕೊಡುವುದಿಲ್ಲ.”

ಅದಕ್ಕೆ ಗುಂಡುಸೂಜಿಯಿಂದ ಚುಚ್ಚಿದ್ದ ಹಾಳೆ ನಾನು ಕಳುಹಿಸಿದ ಉತ್ತರದ ಪ್ರತಿ. ದಿನಾಂಕ ಆಗಸ್ಟ್ ೧೬. ಅಕ್ಷರ ನನ್ನದೇ, ಅನುಮಾನಕ್ಕೆ ಎಡೆಯಿಲ್ಲ: “ಖುದ್ದಾಗಿ ವಿಚಾರಿಸಿದ್ದೇನೆ. ಎಲ್ಲರದೂ ಹನ್ನೆರಡೇ ತಿಂಗಳು.”