ಬೆಣ್ಣೆಯಕ್ಕನ ಮುಂಗೈ ಮತ್ತು ಕೊನೆಯ ಶೀಶೆ

ಇದು ನಿಜವಾಗಿ ನಡೆದದ್ದು. ಎಳ್ಳಷ್ಟು ಸುಳ್ಳಿದ್ದರೂ ನನ್ನ ಅರ್ಧ ಮೀಸೆ ಬೋಳಿಸಿ. ಉಳಿದರ್ಧವನ್ನು ನಾನೇ ಬೋಳಿಸಿಕೊಳ್ಳುತ್ತೇನೆ.

ಬೆಳಗಿನ ಐದೂವರೆ. ಆಸ್ಪತ್ರೆಯ ನೆಲಮಾಳಿಗೆಯ ಪ್ರಯೋಗಾಲಯ. ಹೊಗೆಯಾಡುವ ದ್ರವ ಸಾರಜನಕದ ಪೀಪಾಯಿಯಿಂದ ಬೆಣ್ಣೆಯಕ್ಕ ಚಿಮಟದಲ್ಲಿ ಒಂದು ಶೀಶೆ ಎತ್ತುತ್ತಿದ್ದಾರೆ. ಹೆಬ್ಬೆರಳಿಗಿಂತ ಚಿಕ್ಕದು. ಒಳಗೆ ಹೆಪ್ಪುಗಟ್ಟಿರುವುದು ಮೈ ಸುಟ್ಟುಕೊಂಡ ವೆಲ್ಡರ್ ಒಬ್ಬನ ಚರ್ಮದ ಜೀವಕೋಶಗಳು. ಇವು ಬದುಕಿ ಬೆಳೆದರೆ ಅವನ ಬೆನ್ನಿಗೆ ಹೊಸ ಚರ್ಮ. ಮೂರು ಶೀಶೆಗಳಿದ್ದವು, ಅಕ್ಕ ಜ್ವರ ಬಂದು ಮಲಗಿದ್ದ ವಾರ ಬೇರೆಯವರು ಕರಗಿಸಿದ ಎರಡರಲ್ಲಿ ಜೀವಕೋಶಗಳು ಸತ್ತವು. ಇದು ಕೊನೆಯದು. ಅವನ ಹೆಂಡತಿ ಹೊರಗೆ ಬೆಂಚಿನ ತುದಿಯಲ್ಲಿ ಕೂತು ಬಾಗಿಲನ್ನೇ ನೋಡುತ್ತಿದ್ದಾಳೆ.

ಅಕ್ಕ ಓದಿದ್ದು ನಾಲ್ಕನೇ ಕ್ಲಾಸು. ಹದಿನೇಳು ವರ್ಷದಿಂದ ಇಲ್ಲಿ ದಿನಕ್ಕೆ ಇನ್ನೂರು ಗಾಜಿನ ತಟ್ಟೆ ತೊಳೆಯುತ್ತಾರೆ, ಹತ್ತಾರು ಶೀಶೆ ಕರಗಿಸುತ್ತಾರೆ. ಜೀವಕೋಶದ ಪೊರೆ ಎಂದರೆ ಸಾಕು, ಮಾತು ಬೆಣ್ಣೆಗೆ ಬರುತ್ತದೆ. ಅಡ್ಡಹೆಸರು ಬಂದದ್ದೂ ಹಾಗೇ.

“ಎರಡು ಪದರ ಜಿಡ್ಡು, ಅಷ್ಟೇ ಕಣಪ್ಪ ಅದರ ಗೋಡೆ. ಚಳಿಗೆ ಬೆಣ್ಣೆ ಥರ ಬಿಗಿಯುತ್ತೆ, ಬಿಸಿ ಜಾಸ್ತಿಯಾದ್ರೆ ಸಡಿಲವಾಗಿ ಸೋರುತ್ತೆ. ನಡುನಡುವೆ ಕೊಲೆಸ್ಟ್ರಾಲ್ ಕೂತು ಎರಡೂ ಆಗದ ಹಾಗೆ ಹಿಡ್ಕೊಂಡಿರುತ್ತೆ. ಡಾಕ್ಟರು ನನ್ನ ಕೊಲೆಸ್ಟ್ರಾಲಿಗೆ ಬೈತಾರೆ, ಇದರದಕ್ಕೆ ಕೈ ಮುಗೀತಾರೆ!”

ನಿಧಾನಕ್ಕೆ ಕರಗಿದರೆ ಒಳಗಿನ ಮಂಜು ಸೂಜಿಯಾಗಿ ಆ ಗೋಡೆಯನ್ನು ಚುಚ್ಚುತ್ತದೆ. ಮೈಬಿಸಿಯ ನೀರಿನಲ್ಲಿ ಎರಡೇ ನಿಮಿಷದಲ್ಲಿ ಕರಗಿಸಬೇಕು.

ಶೀಶೆ ಹೊರಬಂದಿದೆ. ನೀರಿನ ತೊಟ್ಟಿಗೆ ಮುಂಗೈ ತಾಗಿಸಿದ ಅಕ್ಕ ತಟ್ಟನೆ ನಿಲ್ಲುತ್ತಾರೆ.

“ಸಾರ್, ನೀರು ಸುಡ್ತಿದೆ.”

“ಥರ್ಮಾಮೀಟರ್ ಮೂವತ್ತೇಳು ಅಂತ ತೋರಿಸ್ತಿದೆಯಲ್ಲಮ್ಮ, ಬೇಗ ಹಾಕು!” ಮೇಲ್ವಿಚಾರಕರ ಹಣೆಯಲ್ಲಿ ಬೆವರು.

“ಆ ಯಂತ್ರ ಎಷ್ಟು ಮಕ್ಕಳಿಗೆ ಸ್ನಾನ ಮಾಡಿಸಿದೆ ಸಾರ್? ನಾನು ನಾಲ್ಕು ಹೆತ್ತೋಳು.”

ಒಂದು ಜಗ್ಗು ತಣ್ಣೀರು ಸುರಿದು ಮತ್ತೆ ಮುಂಗೈ ಇಡುತ್ತಾರೆ. ಸಾಲದು. ಇನ್ನೊಂದು ಜಗ್ಗು. ಶೀಶೆಯ ಮೇಲಿನ ಬಿಳಿ ಮಂಜು ಆಗಲೇ ಒದ್ದೆಯಾಗುತ್ತಿದೆ. ಜಗ್ಗು ತುಂಬಿಸಿ ಕೊಡುತ್ತಿರುವ ನಾನು ಗಡಿಯಾರ ನೋಡುತ್ತೇನೆ. “ಈಗ ಸರಿ” ಎಂದವರೇ ಮುಳುಗಿಸಿ ಅಲುಗಿಸುತ್ತಾರೆ. ಸಾಸಿವೆಯಷ್ಟು ಮಂಜು ಉಳಿದಾಗ ಮೇಲೆತ್ತಿ, ಒಳಗಿನದನ್ನು ಗಾಜಿನ ತಟ್ಟೆಗೆ ಇಳಿಸುತ್ತಾರೆ.

ಆಮೇಲೆ ಪಕ್ಕದ ಕೋಣೆಯಿಂದ ಬೇರೆ ಥರ್ಮಾಮೀಟರ್ ಬರುತ್ತದೆ. ಹಳೆಯದು ಪೂರಾ ಹನ್ನೊಂದು ಡಿಗ್ರಿ ಕಡಿಮೆ ತೋರಿಸುತ್ತಿದೆ.

“ಹಾಗಾದ್ರೆ ಮೊದಲಿನ ಎರಡೂ ಈ ಬಿಸಿಗೇ ಸತ್ತವಾ?” ಮೇಲ್ವಿಚಾರಕರು ಹಳೆಯದನ್ನು ಕಿತ್ತು ಕಸದ ಬುಟ್ಟಿಗೆ ಹಾಕುತ್ತಾರೆ.

ಬದುಕಿದವೋ ಇಲ್ಲವೋ ತಿಳಿಯಲು ಒಂದು ದಿನ ಬೇಕು. ಮರುದಿನ ಬೆಳಿಗ್ಗೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ ಮೇಲ್ವಿಚಾರಕರು ಅಕ್ಕನಿಗೆ ಜಾಗ ಬಿಡುತ್ತಾರೆ. ನೋಡಿದ ಅಕ್ಕ ನೇರ ಹೊರಗೆ, ವೆಲ್ಡರನ ಹೆಂಡತಿ ಕೂತ ಬೆಂಚಿನ ಬಳಿ ಹೋಗುತ್ತಾರೆ.

“ಬದುಕಿವೆ, ತಟ್ಟೆಗೆ ಕಚ್ಕೊಂಡಿವೆ ಕಣಮ್ಮ. ಇನ್ನು ಬೆಳೀಬೇಕು.”

ಆಕೆ ಅಕ್ಕನ ಕೈ ಹಿಡಿದು ಬಿಡುವುದೇ ಇಲ್ಲ.

ಅಕ್ಕ, ನಿಮಗೇನು ಬೇಕು ಎಂದು ನಾನು ಕೇಳುತ್ತೇನೆ. “ಆಯಪ್ಪ ಒಂದಿನ ಅಂಗಿ ಹಾಕ್ಕೊಂಡು ನನ್ನ ಮುಂದೆ ನಡ್ಕೊಂಡು ಹೋಗ್ಲಿ, ಅಷ್ಟೇ.”

ಅಕ್ಕ ನಿನ್ನೆಯಿಂದ ಬಾಯಿಗೆ ಏನೂ ಹಾಕಿಲ್ಲ. ಪುಕ್ಕಟೆ ಕತೆ ಕೇಳಿದಿರಲ್ಲ, ಎರಡು ಚಹಾ ತರಿಸಿ. ಎರಡನೆಯದು ಯಾರಿಗೆ ಎಂದು ಮಾತ್ರ ಕೇಳಬೇಡಿ.