ಬಂದೂಕಿನ ಮೇಲೆ ಕೆತ್ತದ ಹೆಸರು

ಅವನ ಬಲಗಾಲಿನ ಹೆಬ್ಬೆರಳು ಉಳಿದ ಬೆರಳುಗಳಿಂದ ದೂರ ಸರಿದು ಇಕ್ಕಳದ ಬಾಯಿಯಂತೆ ಅಗಲವಾಗಿತ್ತು. ಉಗುರು ಕೊಂಬಿನಷ್ಟು ದಪ್ಪ. ಐವತ್ತು ವರ್ಷ ಆ ಸಂದಿಯಲ್ಲಿ ಕೊಡ, ಚೊಂಬು, ಗಂಗಾಳ ಹಿಡಿದು ಹೆಸರು ಕೆತ್ತಿದ ಮನುಷ್ಯ. ಆದೋನಿಯ ಪಾತ್ರೆ ಅಂಗಡಿಯ ಕಟ್ಟೆಯ ಮೇಲೆ ಕೂರುತ್ತಿದ್ದ. ಎಲ್ಲರೂ ಕೆತ್ತೋ ತಾತ ಅನ್ನುತ್ತಿದ್ದರು. ನನಗಿಂತ ಹತ್ತು ವರ್ಷ ದೊಡ್ಡವನಷ್ಟೇ, ಆದರೂ ನಾನೂ ಹಾಗೇ ಅಂದೆ.

ಮಾತು ಕಡಿಮೆ, ಎಲೆ ಅಡಿಕೆ ಜಾಸ್ತಿ. ಒಂದೇ ಹಟ ಅವನದು. ಯಾರ ಹೆಸರು ಕೆತ್ತಬೇಕೋ ಅವರೇ ಬಂದು ಬಾಯಿಬಿಟ್ಟು ಹೇಳಬೇಕು. ಚೀಟಿ ಕೊಟ್ಟರೆ ಮುಟ್ಟುತ್ತಿರಲಿಲ್ಲ. ಮಗಳ ಮದುವೆಗೆ ಕೊಡ ಕೊಂಡ ಅಪ್ಪ ಹೆಸರು ಹೇಳಹೋದರೆ, "ಕೊಡ ನಿಂದೇನು? ಆಕೀನ್ನ ಕರ್ಕೊಂಬಾ" ಅನ್ನುತ್ತಿದ್ದ. ಜನ ಬೈದುಕೊಂಡೇ ಮಗಳನ್ನು ಕರೆತರುತ್ತಿದ್ದರು. ಪಕ್ಕದ ಅಂಗಡಿಗೆ ಕರೆಂಟಿನ ಪೆನ್ನು ಬಂತು, ಕೊರ್ರ್ ಅಂತ ಒಂದು ಗಳಿಗೆಯಲ್ಲಿ ಬರೆಯಿತು. ಇವನು ಬದಲಾಗಲಿಲ್ಲ.

ನಾನಾಗ ಒಬ್ಬ ಹತ್ತಿ ಸಾವ್ಕಾರನ ಮನೆಯಲ್ಲಿ ಕಸ ಮುಸುರೆ ಮಾಡುತ್ತಿದ್ದೆ. ಸಾವ್ಕಾರ ಹೈದರಾಬಾದಿಗೆ ಹೋಗಿ ಜೋಡುನಳಿಗೆ ಬಂದೂಕೊಂದನ್ನು ತಂದ. ಯಾವನೋ ಸಿನಿಮಾ ಹೀರೋ ಇಟ್ಟುಕೊಂಡಿದ್ದಂತೆ. ಅದರ ಎರಡೂ ಮಗ್ಗುಲಿಗೆ ಚಿನ್ನದ ನೀರು ಕುಡಿಸಿದ ನವಿಲು, ಹುಲಿ, ಬಳ್ಳಿ, ಬಳ್ಳಿಯ ನಡುವೆ ಅರೆಬತ್ತಲೆ ಹೆಂಗಸು. ಬೆರಳಿಡಲು ಜಾಗವಿಲ್ಲ. ನನಗೆ ಮದುವೆ ಬ್ಯಾಂಡಿನವನ ಅಂಗಿ ನೆನಪಾಯಿತು. ಮನೆಗೆ ಬಂದವರೆಲ್ಲ ಅದನ್ನು ಎದೆಗೆ ಹಿಡಿದು ಫೋನಿನಲ್ಲಿ ಫೋಟೋ ತೆಗೆಸಿಕೊಂಡರು. ಒಬ್ಬ ಮಾತ್ರ ಹೀರೋನ ಹೆಸರು ಎಲ್ಲಿದೆ ಎಂದು ಕೇಳಿಬಿಟ್ಟ. ಸಾವ್ಕಾರನ ಮುಖ ಸಣ್ಣದಾಯಿತು.

ಆಯುಧಪೂಜೆ ದಿನ ಸಾವ್ಕಾರ ಅಂಗಳದಲ್ಲಿ ಅದಕ್ಕೆ ಎರಡು ತೋಟಾ ತುಂಬಿದ. ಒಂದು ಹೊಡೆದ. ಅವನ ಮುದಿ ತಾಯಿ ಎದೆ ಹಿಡಿದುಕೊಂಡು ಕೂತಳು. ಇನ್ನೊಂದು ಬೇಡವೆಂದು ಎಲ್ಲರೂ ಬೈದರು. ಬಂದೂಕನ್ನು ನಡುವಿಗೆ ಮಡಚಿ, ಖಾಲಿಯಾದದ್ದನ್ನು ಕಿತ್ತೆಸೆದು, ಮುಚ್ಚಿ ದೇವರ ಮುಂದೆ ಇಟ್ಟ. ಮರುದಿನ ಗುಡಿಸುವಾಗ ನನಗೆ ತೋಟಾದ ಖಾಲಿ ಕೆಂಪು ಕೊಳವೆ ಒಂದೇ ಸಿಕ್ಕಿತು. ಆಗ ಅದನ್ನು ತಲೆಗೆ ಹಾಕಿಕೊಳ್ಳಲಿಲ್ಲ.

ಅವತ್ತೇ ತಾತನನ್ನು ಕರೆಸಿದರು. ನಳಿಗೆಯ ನಡುಮಧ್ಯ ಹೀರೋನ ಹೆಸರು ಕೆತ್ತಬೇಕು, ಮಧ್ಯಾಹ್ನ ನೋಡಲು ಜನ ಬರುತ್ತಾರೆ ಅಂದರು. ಹೆಸರಿನವರು ಎಲ್ಲಿ ಎಂದು ತಾತ ಕೇಳಿದ. ಸಾವ್ಕಾರ ನಕ್ಕ.

"ಏ ತಾತ, ಹೀರೋ ನಿನ್ ಕಟ್ಟಿಗೆ ಬರ್ತಾನೇನು? ಆ ಕಟ್ಟಿ ಯಾರ್ದಂತ ಗೊತ್ತೈತಿಲ್ಲ?"

ಆ ಅಂಗಡಿ ಸಾವ್ಕಾರನದು. ತಾತ ಬಾಯಿಯ ಎಲೆ ಅಡಿಕೆ ಉಗಿದು ಬಂದ. ಕಬ್ಬಿಣ ಎಂಥದು ನೋಡುತ್ತೇನೆ ಎಂದು ಪಡಸಾಲೆಯಲ್ಲಿ ಕೂತ.

ಅವನು ಪಾತ್ರೆ ಹಿಡಿದವನು, ಬಂದೂಕು ಹಿಡಿದವನಲ್ಲ. ಪಾತ್ರೆಯಾದರೆ ಬಾಯಿ ಹೊಟ್ಟೆಯ ಕಡೆ, ತಳ ಕಾಲ್ಬೆರಳ ಸಂದಿಯಲ್ಲಿ. ಬಂದೂಕನ್ನೂ ಹಾಗೇ ಇಟ್ಟುಕೊಂಡ. ನಳಿಗೆಯ ಎರಡು ಬಾಯಿ ಹೊಕ್ಕಳಿಗೆ ತಾಗಿದವು. ಹೆಬ್ಬೆರಳು ಟ್ರಿಗರಿನ ಸುತ್ತ ಇದ್ದ ಬಳೆಯೊಳಗೆ ನುಸುಳಿ ಕೂತಿತು. ಉಳಿ ಇಟ್ಟ. ಸುತ್ತಿಗೆ ಎತ್ತಿದ.

ನೆಲ ಒರೆಸುತ್ತಿದ್ದ ನನಗೆ ಆ ಒಂದೇ ಕೆಂಪು ಕೊಳವೆ ಆಗ ನೆನಪಾಯಿತು. ಕೂಗಿದರೆ ಬೆಚ್ಚಿ ಬೆರಳು ಮಡಚುತ್ತಾನೆ. ಸುಮ್ಮನಿದ್ದರೆ ಸುತ್ತಿಗೆ ಬೀಳುತ್ತದೆ. ಮೆಲ್ಲಗೆ ಅಂದೆ, "ತಾತಾ, ಕಾಲು ಅಲುಗಾಡಿಸಬ್ಯಾಡ. ಒಳಗ ಇನ್ನೊಂದು ಐತಿ."

ಸಾವ್ಕಾರ ರೇಗಿದ. ಅದು ಖಾಲಿ, ಕಸ ಹೊಡೆಯುವವಳಿಗೆ ಬಂದೂಕಿನ ಮಾತು ಯಾಕೆ ಅಂದ. ತಾತ ಅವನ ಕಡೆ ತಿರುಗಲಿಲ್ಲ. ಸುತ್ತಿಗೆ ಎತ್ತಿದಲ್ಲೇ ನಿಂತಿತ್ತು.

"ನೋಡೀಯಾ ಯಮ್ಮ?"

"ಅಂಗಳ ಗುಡಿಸೀನಿ. ಒಂದೇ ಸಿಕ್ಕೈತಿ."

ಅವನ ಮೂಗಿನ ತುದಿಯಿಂದ ಬೆವರು ನಳಿಗೆಯ ಮೇಲೆ ತೊಟ್ಟಿಕ್ಕಿತು. ಬೆರಳು ಹೊರಗೆ ಬರಲೊಲ್ಲದು, ಆ ಕೊಂಬಿನಂಥ ಉಗುರು ಬಳೆಗೆ ಸಿಕ್ಕಿಕೊಂಡಿತ್ತು. ನಾನು ಎರಡೂ ಕೈಯಲ್ಲಿ ಅವನ ಪಾದ ಹಿಡಿದು, ಇಷ್ಟಿಷ್ಟೇ ಬಿಡಿಸಿದೆ. ಸಾವ್ಕಾರ ಬಂದೂಕು ಮಡಚಿದ. ಹಿತ್ತಾಳೆಯ ತಳ ಹೊಳೆಯುತ್ತ ತೋಟಾ ಅಲ್ಲೇ ಕೂತಿತ್ತು.

ತಾತ ಉಳಿಗಳನ್ನು ಬಟ್ಟೆಯಲ್ಲಿ ಸುತ್ತಿದ.

"ಸಾವ್ಕಾರ್ರೇ, ಒಳಗ ಏನೈತಿ ಅಂತ ಹೇಳಾಕ ಈಕಿ ಬಂದ್ಲು. ಇದು ಯಾರ್ದಂತ ಹೇಳಾಕ ಯಾರೂ ಬಂದಿಲ್ಲ. ನಾ ಕೆತ್ತಂಗಿಲ್ಲ."

ಸಂಜೆಗೆ ನನ್ನ ಕೆಲಸ ಹೋಯಿತು. ಎಂಟು ದಿನಕ್ಕೆ ಅವನ ಕಟ್ಟೆ ಹೋಯಿತು. ಕರೆಂಟಿನ ಪೆನ್ನಿನವನು ಬಂದೂಕಿನ ಮೇಲೆ ಹೆಸರು ಗೀಚಿಕೊಟ್ಟನಂತೆ, ಜನ ಮತ್ತೆ ಫೋಟೋ ತೆಗೆಸಿಕೊಂಡರಂತೆ.

ತಾತ ಬಸ್ ಸ್ಟ್ಯಾಂಡಿನ ಹತ್ತಿರ ಬೇವಿನ ಮರದ ಕೆಳಗೆ ಗೋಣಿಚೀಲ ಹಾಸಿದ. ನಾನು ಪಕ್ಕದಲ್ಲೇ ಕಡಲೆಕಾಯಿ ಮಾರತೊಡಗಿದೆ. ಒಂದು ದಿನ ನನ್ನ ಚೊಂಬು ಕೊಟ್ಟು ಹೆಸರು ಹೇಳಿದೆ. ಕೆತ್ತಿ ಮುಗಿಸಿ ಓದು ಅಂದ. ಬರೋದಿಲ್ಲ ಅಂದೆ. ನನ್ನ ಬೆರಳು ಹಿಡಿದು ಆ ಗೀರುಗಳಲ್ಲಿ ಎಳೆಸಿದ. ಅರವತ್ತು ದಾಟಿದ ಮೇಲೆ ನಾನು ಕಲಿತ ನಾಲ್ಕು ಅಕ್ಷರವೆಲ್ಲ ಹಾಗೇ, ಯಾರ್ಯಾರದೋ ಕೊಡದ ಮೇಲೆ ಕೈಯಾಡಿಸಿ. ಇದನ್ನು ಬರೆಯುತ್ತಿರುವುದೂ ಅವುಗಳಿಂದಲೇ.

ಹೋದ ಬೇಸಿಗೆಯಲ್ಲಿ ಹಾಸಿಗೆ ಹಿಡಿದ. ಊರ ಪಾತ್ರೆಗೆಲ್ಲ ಹೆಸರು ಕೆತ್ತಿದವನ ಮನೆಯ ಚೊಂಬು ಬೋಳಾಗಿತ್ತು. ಅವನ ಉಳಿ ತೆಗೆದುಕೊಂಡು ಕೂತು ಹೆಸರು ಕೇಳಿದೆ. ಈಗ್ಯಾಕೆ ಬಿಡು ಅಂದ.

"ಚೊಂಬು ನಂದೇನು? ನೀನಾ ಹೇಳು" ಅಂದೆ.

ನಕ್ಕ, ಹೇಳಿದ. ಸೊಟ್ಟಸೊಟ್ಟ ಕೆತ್ತಿದೆ. ಕಣ್ಣು ಮುಚ್ಚಿಕೊಂಡೇ ಬೆರಳಾಡಿಸಿ, ಆಳ ಸಾಲದು, ಇನ್ನೊಮ್ಮೆ ಹೊಡಿ ಅಂದ. ಹೊಡೆದೆ. ನಾಲ್ಕನೇ ದಿನ ಅದೇ ಚೊಂಬಿನಿಂದ ಅವನ ಬಾಯಿಗೆ ಕಡೆಯ ನೀರು ಬಿಟ್ಟೆ.

ಆ ಹೆಸರು ಇಲ್ಲಿ ಬರೆಯುವುದಿಲ್ಲ. ಅವನು ಹೇಳಿದ್ದು ಚೊಂಬಿಗೆ.