ಗದ್ದಕ್ಕೆ ಮೆತ್ತಿದ ಅರಿಶಿನ

ಮೊನ್ನೆ ಬೆಳಿಗ್ಗೆ ನಿಮ್ಮಲ್ಲಿ ದೊಡ್ಡವನು ಗಡ್ಡ ಹೆರೆಯಲು ಹೋಗಿ ಕೆನ್ನೆ ಕುಯ್ದುಕೊಂಡು ಬಚ್ಚಲಿಂದ ಹೊರಗೆ ಬಂದ. ನಾನು ಬೆರಳ ತುದಿಯಲ್ಲಿ ಅರಿಶಿನ ತೆಗೆದುಕೊಂಡು ಓಡಿದೆ. "ಅಜ್ಜಿ, ಆಫೀಸಿಗೆ ಹಳದಿ ಮುಖ ಮಾಡ್ಕೊಂಡು ಹೋಗ್ಲಾ?" ಎಂದು ತಪ್ಪಿಸಿಕೊಂಡ. ಅರಿಶಿನ ನನ್ನ ಬೆರಳಲ್ಲೇ ಉಳಿಯಿತು. ಅದರ ವಾಸನೆಗೆ ನಿಮ್ಮ ತಾತ ನೆನಪಾದರು… ನೀವು ಯಾರೂ ನೋಡದ ತಾತ. ಮುಖದ ತುಂಬಾ ಪೇಪರ್ ಚೂರು ಅಂಟಿಸಿಕೊಂಡು ನನ್ನನ್ನು ನೋಡಲು ಬಂದವರು.

ನಮ್ಮದು ಮಲ್ಲಿಪಟ್ಟಣದ ಹತ್ತಿರದ ಹಳ್ಳಿ. ಹೊಸಬರ ಮುಂದೆ ನನಗೆ ಬಾಯೇ ಬರುತ್ತಿರಲಿಲ್ಲ. ಮೊದಲು ನೋಡಲು ಬಂದವರು ಹೆಸರೇನು ಎಂದರು, ಎಷ್ಟನೇ ಕ್ಲಾಸು ಓದಿದ್ದೀಯ ಎಂದರು. ನಾನು ಚಾಪೆಯ ಅಂಚು ಕೀಳುತ್ತಾ ಕೂತಿದ್ದೆ. ಹುಡುಗಿಗೆ ಮಾತು ಬರುವುದಿಲ್ಲ ಎಂದು ಹೋದಲ್ಲೆಲ್ಲ ಹೇಳಿಕೊಂಡು ಹೋದರು. ಈ ಸಲವೂ ಬಾಯಿ ಬಿಡದಿದ್ದರೆ ಇನ್ನು ಯಾರೂ ಈ ಬಾಗಿಲಿಗೆ ಬರುವುದಿಲ್ಲ ಎಂದು ಅವ್ವ ಅತ್ತಿದ್ದಳು.

ನಿಮ್ಮ ತಾತನ ಮನೆಯವರು ದಂಡಿಗನಹಳ್ಳಿ ಕಡೆಯಿಂದ ಶುಕ್ರವಾರ ಬಂದರು. ಶುಕ್ರವಾರ ಹೆಣ್ಣು ನೋಡಲು ಒಳ್ಳೆಯ ದಿನ, ಕ್ಷೌರಕ್ಕೆ ಮಾತ್ರ ಆಗದು. ಗುರುವಾರ ಕ್ಷೌರದವನು ಸಿಕ್ಕಿರಲಿಲ್ಲವಂತೆ. ನಿಮ್ಮ ತಾತ ಸ್ನೇಹಿತನ ರೇಜರ್ ತಂದು, ಅಪ್ಪನಿಗೆ ಗೊತ್ತಾಗದ ಹಾಗೆ ಕೊಟ್ಟಿಗೆಯಲ್ಲಿ, ಕನ್ನಡಿಯಿಲ್ಲದೆ ಗಡ್ಡ ಹೆರೆದುಕೊಂಡು, ಕುಯ್ದ ಕಡೆಯೆಲ್ಲ ಪೇಪರ್ ಚೂರು ಅಂಟಿಸಿದ್ದರು. ಬಸ್ಸಿನಲ್ಲಿ ಧೂಳು ಎಂದು ಮುಖಕ್ಕೆ ಟವೆಲ್ ಸುತ್ತಿಕೊಂಡಿದ್ದವರು ನಮ್ಮ ಜಗಲಿಯಲ್ಲಿ ಕೂತು, ಮರೆತು, ಟವೆಲ್ ತೆಗೆದರು.

ನಮ್ಮಜ್ಜಿ ಬಗ್ಗಿ ನೋಡಿ, ಮುಖಕ್ಕೇನಾಯ್ತಪ್ಪ ಎಂದಳು.

"ಬೆಕ್ಕು ಪರಚ್ಬುಡ್ತು" ಎಂದರು.

ಅವರ ಅಪ್ಪ ಮೆಲ್ಲಗೆ ತಿರುಗಿದರು. "ನಮ್ಮನೇಲಿ ಬೆಕ್ಕೆಲ್ಲೈತ್ಲಾ?"

"ಪಕ್ಕದ್ಮನೇದು ಕಣಪ್ಪಾ."

"ನಿನ್ ಗಡ್ಡಾನೂ ಅದೇ ಬೋಳಿಸ್ಕೊಂಡೋಯ್ತಾ?"

ಶುಕ್ರವಾರದ ಕ್ಷೌರ ಬಯಲಾಗಿ ಮಾತುಕತೆ ಅಲ್ಲಿಗೇ ನಿಂತಿತು. ನಮ್ಮಜ್ಜಿ ಅದನ್ನೇನೂ ಲಕ್ಷ್ಯಕ್ಕೆ ತಂದುಕೊಳ್ಳದೆ, ಅವರೆಕಾಯಿ ಸುಲಿದ ಹಾಗೆ ಪೇಪರ್ ಚೂರುಗಳನ್ನು ಕಿತ್ತಳು. ನಿಂತಿದ್ದ ರಕ್ತ ಮತ್ತೆ ಬಂತು. ಅರಿಶಿನ ತಾ ಎಂದು ಕೂಗಿದಳು. ಕಾಫಿ ಕೊಟ್ಟು ಒಳಗೆ ಓಡಬೇಕೆಂದಿದ್ದ ನಾನು ಅರಿಶಿನದ ಬಟ್ಟಲು ತಂದು ಅಲ್ಲೇ ನಿಲ್ಲಬೇಕಾಯಿತು. ಅಜ್ಜಿಗೆ ಕಣ್ಣು ಮಂಜು. ಗಾಯ ಬಿಟ್ಟು ಉಳಿದ ಕಡೆಯೆಲ್ಲ ಮೆತ್ತಿದಳು. ಗದ್ದದ ಅಡಿಯಿಂದ ರಕ್ತದ ಹನಿ ಬಿಳಿ ಅಂಗಿಯ ಕಡೆಗೆ ಇಳಿಯುತ್ತಿತ್ತು. ಯಾರೂ ನೋಡುತ್ತಿರಲಿಲ್ಲ. ನನಗೆ ತಡೆಯಲಾಗಲಿಲ್ಲ.

"ಅಜ್ಜಿ, ಗದ್ದದಡೀಲಿ ಇನ್ನೊಂದೈತೆ. ಅಂಗಿ ಮೇಲೆ ಬೀಳ್ತದೆ ನೋಡು."

ಅವರ ಅಪ್ಪ ಕಾಫಿ ಲೋಟ ಕೆಳಗಿಟ್ಟರು.

"ಮಾತೇ ಬರಾಕಿಲ್ಲ ಅಂದಿದ್ರಲ್ಲ… ಉಡ್ಗಿ ಮಾತಾಡ್ತದೆ ಕಣ್ಲಾ" ಎಂದವರು ಮಗನ ಹಳದಿ ಮುಖ ನೋಡಿ ನಮ್ಮಪ್ಪನ ಕಡೆ ತಿರುಗಿದರು. "ಹೆಣ್ಣಿನ ಮನೇಲಿ ಇವುನ್ಗೆ ಅರಿಶಿನಾನೂ ಮೆತ್ತಾಯ್ತು. ಇನ್ನು ತೊಳ್ಸಿ ಯಾವ ಮನೆಗೆ ಕರ್ಕೊಂಡೋಗ್ಲಿ? ತಾಂಬೂಲ ತನ್ನಿ."

ಮದುವೆಯಾದ ಮೇಲೂ ನಿಮ್ಮ ತಾತನ ಕೈ ಪಳಗಲಿಲ್ಲ. ಕುಯ್ದ ಗಾಯಕ್ಕೆ ಉಜ್ಜಲು ಚನ್ನರಾಯಪಟ್ಟಣದಿಂದ ಪಟಿಕದ ತುಂಡು ತಂದರು. ಉರಿಯುತ್ತದೆ ಎಂದು ಮುಟ್ಟಲೇ ಇಲ್ಲ. ಮಳೆಗಾಲದಲ್ಲಿ ರಾಡಿ ನೀರು ತಿಳಿಯಾಗಲೆಂದು ಅದನ್ನು ನಾನೇ ಕೊಡಕ್ಕೆ ಹಾಕಿ ಮುಗಿಸಿದೆ. ಗಡ್ಡ ಹೆರೆದು ಬಂದು, ಗದ್ದ ಎತ್ತಿ ನನ್ನ ಮುಂದೆ ನಿಲ್ಲುತ್ತಿದ್ದರು. ಇನ್ನೆಲ್ಲಾದರೂ ಗಾಯ ಉಳಿದಿದೆಯಾ ನೋಡು ಎನ್ನುತ್ತಿದ್ದರು. ಬೇರೆಯವರ ಮುಂದೆ ತುಟಿ ಬಿಚ್ಚದ ನಾನು ಅವರನ್ನು ಮಾತ್ರ ಬಾಯ್ತುಂಬ ಬೈದು ಅರಿಶಿನ ಒತ್ತುತ್ತಿದ್ದೆ…

ಅವರು ಹೋದ ಮೇಲೆ ನಾನು ಮುಖಕ್ಕೆ ಅರಿಶಿನ ಹಚ್ಚಿಲ್ಲ. ಹಾಗೆ ಗದ್ದ ಎತ್ತಿ ನಿಲ್ಲುವವರೂ ಯಾರೂ ಇಲ್ಲ. ಮೊನ್ನೆ ದೊಡ್ಡವನು ಬಾಗಿಲಲ್ಲಿ ಶೂ ಹಾಕಿಕೊಂಡು ತಲೆ ಎತ್ತಿದಾಗ ನೋಡಿದೆ, ಗದ್ದದ ಅಡಿಯಲ್ಲಿ ಇನ್ನೊಂದು ಗಾಯ ಇತ್ತು. ನನಗೆ ಬಾಯಿ ಬರುವಷ್ಟರಲ್ಲಿ ಅವನ ಗಾಡಿ ಹೊರಟುಹೋಗಿತ್ತು.